ಹುಣಸೆಹಣ್ಣಿನಲ್ಲಿ ತೊಳೆದ ತೋಟಾ

ಗಂಡ ರಿಟೈರ್ ಆಗಿ ಮನೆಯಲ್ಲಿ ಕೂತರೆ ಹೆಂಡತಿಯ ಕೆಲಸ ದುಪ್ಪಟ್ಟಾಗುತ್ತದೆ ಎಂದು ಹ್ಯೂಸ್ಟನ್ನಿನ ಕನ್ನಡದ ಹೆಂಗಸರೆಲ್ಲ ಹೇಳುತ್ತಾರೆ. ಗುರವ್ವ ಹಾಗೆ ಹೇಳುವವಳಲ್ಲ. ಕೆಲಸಕ್ಕೆ ಹೆದರುವ ಪೈಕಿಯೇ ಅಲ್ಲ ಅವಳು. ಮೂವತ್ತು ವರ್ಷ ಗಂಡನ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು, ಕಾಲು ಮುರಿದುಕೊಂಡು ಬಂದ ಗಡವ ಹುಡುಗರನ್ನೂ ಅವರ ತಾಯಂದಿರನ್ನೂ ಸಂಭಾಳಿಸಿದವಳು. ಅವಳಿಗೆ ಹೆದರಿಕೆ ಹುಟ್ಟಿಸಿದ್ದು ಗಂಡ ಕೂತ ರೀತಿ. ಡಾಕ್ಟರ್ ದಾನಪ್ಪ ಸೋಫಾದ ಎಡ ಮೂಲೆಯಲ್ಲಿ ಕೂತವನು ಅಲ್ಲೇ ಕೂತುಬಿಟ್ಟ. ಆ ಮೂಲೆ ಎಷ್ಟು ತಗ್ಗುಬಿದ್ದಿತ್ತೆಂದರೆ, ಅವನು ಎದ್ದು ಬಚ್ಚಲಿಗೆ ಹೋದಾಗಲೂ ಯಾರೋ ಅಲ್ಲಿ ಕೂತಂತೆಯೇ ಕಾಣುತ್ತಿತ್ತು.

ದಾನಪ್ಪ ಮೂಳೆ ಡಾಕ್ಟರ್. ಫುಟ್‌ಬಾಲ್ ಆಡಿ ಮೊಣಕಾಲು ಕಳೆದುಕೊಂಡವರು, ಕುದುರೆಯಿಂದ ಬಿದ್ದವರು, ಸೊಂಟ ಜಾರಿದ ಅಜ್ಜಿಯರು, ಎಲ್ಲರನ್ನೂ ಎಬ್ಬಿಸಿ ನಡೆಸಿದ ಕೈ ಅವನದು. ಆ ಬಲಗೈಯ ಬೆರಳು ಒಂದು ದಿನ ಸಣ್ಣಗೆ ನಡುಗಿತು. ಜೊತೆಯ ಡಾಕ್ಟರುಗಳು ನೋಡಿ, ಇದು ವಯಸ್ಸಿನದು, ಚಿಂತೆಯಿಲ್ಲ ಎಂದರು. ಬೇರೆ ಯಾರಿಗೂ ಅದು ಕಂಡೂ ಇರಲಿಲ್ಲ. ಆದರೆ ದಾನಪ್ಪನಿಗೆ ಕಂಡಿತ್ತು. ನಡುಗುವ ಕೈಯಿಂದ ಇನ್ನೊಬ್ಬರ ಮೈ ಮುಟ್ಟಲಾರೆ ಎಂದು ತಾನೇ ಕತ್ತರಿ ಕೆಳಗಿಟ್ಟ. ಹ್ಯೂಸ್ಟನ್ನಿನ ಮನೆ ಮಾರಿ ಫುಲ್‌ಶೀರ್‌ನ ಹೊಸ ಬಡಾವಣೆಗೆ ಬಂದರು, ಸೋಫಾ ಸಮೇತ. ಅಲ್ಲಿಂದ ಗುರವ್ವ ಗಂಡನಿಗೆ ಚಹಾ ಕೊಡುವಾಗ ಕಪ್ಪಿಗೆ ಅರ್ಧ ಮಾತ್ರ ಹಾಕತೊಡಗಿದಳು, ಚೆಲ್ಲದಿರಲಿ ಎಂದು. ಯಾಕೆ ಅರ್ಧ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಎಂಥೆಂಥ ಮಾತನ್ನೂ ಎದುರಿಗೇ ಆಡಿಬಿಡುವ ಗುರವ್ವನಿಗೆ ಆ ಅರ್ಧ ಕಪ್ಪಿನ ಮಾತು ಮಾತ್ರ ಗಂಟಲಲ್ಲೇ ನಿಂತಿತು.

ಪುಣ್ಯಕ್ಕೆ ಡಲ್ಲಾಸಿನಲ್ಲಿ ದಾನಪ್ಪನ ಗೆಳೆಯ ಶಶಿಕಾಂತ್ ಇದ್ದ. ಹುಬ್ಬಳ್ಳಿಯವನು, ಊರೆಲ್ಲ ಸುತ್ತುವ ಚಟದವನು. ಹೋದ ವರ್ಷ ದಸರೆಯ ಹೊತ್ತಿಗೆ ದಾನಪ್ಪನನ್ನು ಎಳೆದುಕೊಂಡು ಹಳೆ ಬಂದೂಕುಗಳ ಸಂತೆಗೆ ಹೋದ. ಅಲ್ಲಿ ಹಾಲಿಸ್ ಎಂಬ ಮುದುಕ, ಅಗಲ ಟೋಪಿ, ಬಿಳಿ ಮೀಸೆ, ಒಂದು ಮೇಜು ಹಾಕಿಕೊಂಡು ಕೂತಿದ್ದ. ಫುಲ್‌ಶೀರ್‌ನ ಆಚೆ ಹೊಗೆಯಲ್ಲಿ ಬೇಯಿಸಿದ ಮಾಂಸದ ಹೋಟೆಲು ಅವನದು. ಹಳೆ ರೈಫಲ್ಲುಗಳ ಕ್ಲಬ್ಬಿಗೂ ಅವನೇ ಯಜಮಾನ. ಮೇಜಿನ ಮೇಲೊಂದು ತುಕ್ಕು ಹಿಡಿದ ರೈಫಲ್. ನೂರು ವರ್ಷ ಹಳೆಯದು, ಮೊಲ, ಟರ್ಕಿ ಕೋಳಿ ಹೊಡೆಯುವ ಸಣ್ಣ ನಳಿಗೆಯದು. ಮರದ ಹಿಡಿ ಸೀಳಿತ್ತು. ದಾನಪ್ಪ ಅದನ್ನು ಎತ್ತಿಕೊಂಡ ರೀತಿ, ಪೇಷಂಟಿನ ಕಾಲು ಎತ್ತಿಕೊಳ್ಳುತ್ತಿದ್ದನಲ್ಲ, ಹಾಗೇ ಇತ್ತು ಎಂದು ಶಶಿಕಾಂತ್ ಆಮೇಲೆ ಫೋನಿನಲ್ಲಿ ಹೇಳಿದ.

"ಅದು ಸತ್ತಿದೆ ಡಾಕ್," ಎಂದನಂತೆ ಹಾಲಿಸ್. "ಗೋಡೆಗೆ ತೂಗುಹಾಕುವುದಕ್ಕೆ ಇಟ್ಟುಕೊಂಡಿದ್ದೇನೆ. ಬದುಕಿಸುತ್ತೀಯಾ? ಬರುವ ಅಕ್ಟೋಬರಿನ ನಮ್ಮ ಕೂಟಕ್ಕೆ ತಾ. ನೀನೇ ತುಂಬಿದ ತೋಟಾ ಇರಬೇಕು. ಐದು ಗುಂಡಿನಲ್ಲಿ ಮೂರು ಸಲ ನಮ್ಮ ಕಬ್ಬಿಣದ ಗಂಟೆ ಬಾರಿಸಿದರೆ ಅದು ನಿನ್ನದು. ಇಲ್ಲದಿದ್ದರೆ ವಾಪಸ್ ನನ್ನ ಗೋಡೆಗೆ."

ರೈಫಲ್ ಮನೆಗೆ ಬಂದ ದಿನ ಗುರವ್ವ ಬಾಗಿಲಲ್ಲೇ ತಡೆದಳು.

"ಲಿಂಗಾಯತರ ಮನ್ಯಾಗ ಮೊಲ ಹೊಡಿಯೂ ಬಂದೂಕೇನ್ರಿ?"

"ಗಂಟಿ ಹೊಡ್ಯಾಕ, ಗುರವ್ವ. ಬರೇ ಗಂಟಿ."

"ಒಂದ ಹಕ್ಕಿ ಪುಚ್ಚ ಉದುರಿದ್ರೂ ನಾ ಸೌಂದರ್ಯಾನ ಮನೀಗೆ ಹೋಗಾಕಿ ನೋಡ್ರಿ."

ಸೌಂದರ್ಯಾ ಅವರ ಮಗಳು, ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿದ್ದಳು. ಆ ಬೆದರಿಕೆ ಎಷ್ಟು ಪೊಳ್ಳೆಂಬುದು ಮೂವರಿಗೂ ಗೊತ್ತಿತ್ತು. ವಾರದೊಳಗೆ ದಾನಪ್ಪ ಸೋಫಾ ಬಿಟ್ಟು ಗ್ಯಾರೇಜು ಸೇರಿದ. ಹಿಡಿಯ ಸೀಳಿಗೆ ಅಂಟು ತುಂಬಿ ಪಟ್ಟಿ ಬಿಗಿದ. ಎಣ್ಣೆ ಹಚ್ಚಿ ಹಚ್ಚಿ ತುಕ್ಕು ಉಜ್ಜಿದ. ನಳಿಗೆಯೊಳಗೆ ಇಣುಕಿ ಇಣುಕಿ ಕಣ್ಣ ಸುತ್ತ ಕಪ್ಪು ಉಂಗುರ ಮಾಡಿಕೊಂಡ. ಊಟಕ್ಕೆ ಕರೆದರೆ "ಬಂದ್ನಿ ಬಂದ್ನಿ" ಎಂದು ಸುಳ್ಳು ಹೇಳತೊಡಗಿದ. ಬಿಸಿ ರೊಟ್ಟಿ ಆರಿ ಸೆಟೆದುಕೊಂಡರೂ ಗುರವ್ವನಿಗೆ ಒಳಗೊಳಗೇ ಹಬ್ಬ.

ಈ ರೈಫಲ್ಲಿನ ತೋಟಾ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕಿರುಬೆರಳಿನಷ್ಟುದ್ದದ ಹಿತ್ತಾಳೆಯ ಚಿಪ್ಪು. ಅದರ ತಳಕ್ಕೆ ಕಿಡಿಯ ಬಟ್ಟಲು, ಒಳಗೆ ಮದ್ದು, ಬಾಯಿಗೆ ಸೀಸದ ಗುಂಡು. ಒಮ್ಮೆ ಹೊಡೆದ ಚಿಪ್ಪನ್ನೇ ಮತ್ತೆ ಮತ್ತೆ ಕೈಯಾರೆ ತುಂಬಿಕೊಳ್ಳಬೇಕು. ರೈಫಲ್ಲಿನ ಜೊತೆ ಹಾಲಿಸ್ ಒಂದು ಹಳೆ ತಂಬಾಕಿನ ಡಬ್ಬಿ ತುಂಬ ಅಂಥ ಚಿಪ್ಪು ಕೊಟ್ಟಿದ್ದ, ಹಂಚಿನ ತಳದಂತೆ ಕಪ್ಪಾದವು. ಅವನ್ನು ಉಜ್ಜಬಾರದು ಎಂಬುದು ಕ್ಲಬ್ಬಿನವರ ಕಟ್ಟಪ್ಪಣೆ. ಹಳೆಯ ವಸ್ತುವಿನ ಕಪ್ಪು ಎಂದರೆ ಅದರ ಚರಿತ್ರೆ, ಅಳಿಸಿದವನು ಪಾಪಿ. ದಾನಪ್ಪ ಈ ಮತಕ್ಕೆ ಹೊಸದಾಗಿ ಸೇರಿದವನು. ಹಳಬರಿಗಿಂತ ಅವನಿಗೇ ನಿಷ್ಠೆ ಜಾಸ್ತಿ. ಬಟ್ಟೆಯಲ್ಲಿ ಮೆಲ್ಲಗೆ ಒರೆಸುತ್ತಿದ್ದ, ಅಷ್ಟೇ.

ಎಲ್ಲ ಸರಿಯಿತ್ತು, ಗುರಿಯೊಂದನ್ನು ಬಿಟ್ಟು. ಮೈದಾನಕ್ಕೆ ಹೋಗಿ ಅಭ್ಯಾಸ ಮಾಡಿದಾಗಲೆಲ್ಲ ಒಂದು ಗುಂಡು ಗಂಟೆಗೆ ತಾಗಿದರೆ ಇನ್ನೊಂದು ಎತ್ತಲೋ ಹೋಗುತ್ತಿತ್ತು. ನಳಿಗೆಯನ್ನು ಮರಳಿನ ಚೀಲದ ಮೇಲೆ ಊರಿ, ಉಸಿರು ಹಿಡಿದು ಹೊಡೆದರೂ ಅದೇ ಕಥೆ. ಪ್ರತಿ ಸಲ ದಾನಪ್ಪ ರೈಫಲ್ ಕೆಳಗಿಟ್ಟು ತನ್ನ ಬಲಗೈ ನೋಡಿಕೊಳ್ಳುತ್ತಿದ್ದ. ಮನೆಗೆ ಬಂದು ಸೋಫಾದ ಎಡ ಮೂಲೆ ಹಿಡಿಯುತ್ತಿದ್ದ. ರೈಫಲ್ ಹಾಲಿಸ್‌ನ ಗೋಡೆಗೆ ಹೋದರೆ ತನ್ನ ಗಂಡ ಈ ಮೂಲೆಗೆ ಬರುತ್ತಾನೆ, ಮತ್ತೆ ಏಳುವುದಿಲ್ಲ ಎಂದು ಗುರವ್ವನಿಗೆ ಗೊತ್ತಾಗಿಹೋಗಿತ್ತು. ಆ ಕಬ್ಬಿಣದ ಗಂಟೆಯ ಮೇಲೆ ಅವಳು ತನ್ನ ಮನೆದೇವರಿಗೇ ಹರಕೆ ಹೊತ್ತಳು.

ಈ ಸಲ ದಸರೆ ಹೇಳಿ ಮಾಡಿಸಿದಂತೆ ಬಂತು. ಶುಕ್ರವಾರ ನವಮಿ, ಖಂಡೇಪೂಜೆ, ಅಂದರೆ ಆಯುಧಪೂಜೆ. ಶನಿವಾರ ದಶಮಿ, ಅಂದೇ ಕ್ಲಬ್ಬಿನ ಕೂಟ. ಮುಧೋಳದ ಕಡೆಯ ಗುರವ್ವನಿಗೆ ಖಂಡೇಪೂಜೆಯೆಂದರೆ ಹುಡುಗಾಟವಲ್ಲ. ತವರಿನಲ್ಲಿ ಕುಡಗೋಲು, ಕೊಡಲಿ, ಅಜ್ಜನ ಕತ್ತಿ ಎಲ್ಲ ರವಿಕೆಯ ಖಣದ ಮೇಲೆ ಮಲಗುತ್ತಿದ್ದವು. ಇಲ್ಲಿ ಇಷ್ಟು ವರ್ಷ ಕಾರಿನ ಕೀಲಿಯನ್ನೂ ತರಕಾರಿ ಚಾಕುವನ್ನೂ ಪೂಜಿಸಿ ಅವಳಿಗೆ ಬೇಸರ ಬಂದಿತ್ತು. ಕೊನೆಗೂ ಮನೆಯಲ್ಲೊಂದು ನಿಜವಾದ ಆಯುಧ!

"ಖಂಡೇದ ಜೋಡಿ ತೋಟಾನೂ ಬೇಕ್ರಿ," ಎಂದು ಗುರುವಾರ ಮಧ್ಯಾಹ್ನವೇ ಕೇಳಿದಳು. ಕೂಟಕ್ಕೆಂದು ತುಂಬಿಟ್ಟ ತೋಟಾಗಳ ಡಬ್ಬಿಯನ್ನು ದಾನಪ್ಪ ಭಕ್ತಿಯಿಂದಲೇ ಕೊಟ್ಟ.

ಡಬ್ಬಿ ತೆರೆದ ಗುರವ್ವ "ಶಿವ ಶಿವಾ" ಎಂದಳು. ದೀಪದ ಕಂಬ, ಆರತಿ ತಟ್ಟೆ, ಗಂಟೆ ಎಲ್ಲ ಆಗಲೇ ಹುಣಸೆಹಣ್ಣಿನ ನೀರಿನಲ್ಲಿ ನೆನೆಯುತ್ತಿದ್ದವು. ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡಿಯಿಂದ ತಂದ ಒಳ್ಳೆಯ ಹಳೆ ಹುಣಸೆಹಣ್ಣು, ಮೇಲಿಷ್ಟು ಉಪ್ಪು. ದೇವರ ಮುಂದೆ ಕಪ್ಪು ಹಿತ್ತಾಳೆ ಇಡುವ ಹೆಂಗಸು ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ತೋಟಾಗಳನ್ನೂ ಅದೇ ಬೋಗುಣಿಗೆ ಸುರಿದಳು. ತೆಂಗಿನ ನಾರಿನಿಂದ ಒಂದೊಂದನ್ನೇ ತಿಕ್ಕಿದಳು, ನಲ್ಲಿಯ ಕೆಳಗೆ ಜಾಲಿಸಿದಳು, ಹಿತ್ತಲ ಬಿಸಿಲಿಗೆ ಹಳೆ ಸೀರೆ ಹಾಸಿ ಒಣಗಿಸಿದಳು. ಮಾರನೆಯ ಬೆಳಗ್ಗೆ ಅವು ಬಂಗಾರದ ಬೋರಮಾಳದ ಗುಂಡುಗಳಂತೆ ಮಿನುಗುತ್ತಿದ್ದವು. ಗುರವ್ವ ತನ್ನ ಕೈಗೆ ತಾನೇ ದೃಷ್ಟಿ ತೆಗೆಯಬೇಕೆಂದುಕೊಂಡಳು.

ಶುಕ್ರವಾರ ದಾನಪ್ಪ ಮಡಿ ಉಟ್ಟು, ವಿಭೂತಿ ಧರಿಸಿ ಬಂದ. ಹೊಸ ಖಣದ ಮೇಲೆ ರೈಫಲ್, ಚೆಂಡುಹೂವು. ಗ್ಯಾರೇಜಿನಲ್ಲಿ ತೋಟಾ ತುಂಬುವ ಸಲಕರಣೆಗೂ ಮೂರು ಬೆರಳು ವಿಭೂತಿ ಆಗಲೇ ಬಿದ್ದಿತ್ತು. ಫೋನಿನ ತೆರೆಯಲ್ಲಿ ಸೌಂದರ್ಯಾ ಆರತಿ ನೋಡಲು ಕಾದಿದ್ದಳು. ದಾನಪ್ಪ ಕೈಮುಗಿದು ಬಗ್ಗಿದವನು ಬಗ್ಗಿದಲ್ಲೇ ನಿಂತ.

"ಇವು ಯಾವ ತೋಟಾ?"

"ನಿಮ್ಮವ ಅಲ್ರೀ! ಹೆಂಗ ಬೆಳಗ್ಯಾವ ನೋಡ್ರಿ. ಹುಣಸಿಹಣ್ಣಾಗ ತೊಳದೇನಿ."

ಫೋನಿನಿಂದ ಮಗಳ ದನಿ ಬಂತು: "ಅವ್ವಾ! ಯು ವಾಷ್ಡ್ ಲೈವ್ ಬುಲೆಟ್ಸ್?" ಅವಳು ನಕ್ಕ ರಭಸಕ್ಕೆ ಆ ಕಡೆ ಫೋನೇ ಬಿತ್ತು.

ದಾನಪ್ಪ ನಗಲಿಲ್ಲ, ಬೈಯಲೂ ಇಲ್ಲ. "ವರ್ಷದ ಕೆಲಸ, ಹೊಳ್ಯಾಗ ಹುಣಸಿಹಣ್ಣ ಕಿವುಚಿದಾಂಗ ಆತು," ಎಂದ. ಹೋಗಿ ಸೋಫಾದ ಎಡ ಮೂಲೆಯಲ್ಲಿ ಕೂತ.

ಬೈದಿದ್ದರೆ ಗುರವ್ವ ಎರಡು ಮಾತು ತಿರುಗಿಸಿ ಕೊಟ್ಟು ಹಗುರಾಗುತ್ತಿದ್ದಳು. ಅವನು ಹಿಡಿದದ್ದು ಆ ಮೂಲೆಯನ್ನು. ಕಡುಬು ಅರ್ಧಕ್ಕೇ ಬಿಟ್ಟು, ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತಳು.

"ತೊಳದ್ರ ಏನಾತ್ರಿ? ಒಣಗ್ಯಾವಲ್ಲ."

"ಒಳಗ ನೀರು ಹೋಗಿದ್ರ ಮದ್ದು ಪೂರಾ ಉರಿಯೂದಿಲ್ಲ. ಗುಂಡು ಅರ್ಧಾ ದಾರ್ಯಾಗ ನಳಗ್ಯಾಗ ಸಿಕ್ಕೋತೈತಿ. ಅದರ ಹಿಂದ ಇನ್ನೊಂದು ಹೊಡದ್ರ ನಳಿಗಿನ ಒಡೀತೈತಿ. ಮಂದಿ ನಡುವ ನಾ ಇವನ್ನ ಹೊಡ್ಯಾಂವಲ್ಲ."

"ಹಂಗಾರ ಬಿಚ್ಚಿ ಮತ್ತ ತುಂಬೂಣು, ಏಳ್ರಿ."

"ಪೂಜಿ ಆದ ಸಾಮಾನ ದಶಮಿ ತನಕ ಮುಟ್ಟಬಾರದಂತ ನೀನ ಹೇಳಾಕಿ."

"ದೇವರಿಗೆ ನಾ ಹೇಳತೀನಿ. ಇನ್ನೊಂದು ಕಾಯಿ ಒಡದ್ರ ತಿಳಕೊಂತಾನ. ಅಂವ ಏನ್ ನಿಮ್ಮಾಂಗ ಮೂಲ್ಯಾಗ ಕುಂದ್ರೂದಿಲ್ಲ."

ಗ್ಯಾರೇಜಿಗೆ ಗುರವ್ವ ಕಸ ಗುಡಿಸಲು ಬಿಟ್ಟರೆ ಕಾಲಿಟ್ಟವಳಲ್ಲ. ಆ ಮಧ್ಯಾಹ್ನ ಸೆರಗು ಸಿಕ್ಕಿಸಿ ಸ್ಟೂಲಿನ ಮೇಲೆ ಕೂತಳು. ಸುತ್ತಿಗೆಯಾಕಾರದ ಪ್ಲಾಸ್ಟಿಕ್ಕಿನ ಸಾಧನವೊಂದಿತ್ತು. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ದಪ್ಪ ಹಲಗೆಗೆ ಕುಟ್ಟಿದರೆ ಗುಂಡು ಕಳಚಿ ಮದ್ದು ಉದುರುತ್ತದೆ. ಶೇಂಗಾ ಚಟ್ನಿ ಕುಟ್ಟಿ ಪಳಗಿದ ತೋಳು, ಮೂರೇಟಿಗೆ ಒಂದು ಕಳಚತೊಡಗಿತು. ಕೆಲವುಗಳ ಮದ್ದು ಒಣಗಿದ್ದರೆ ಕೆಲವುಗಳದು ಹಸಿ ರವೆಯಂತೆ ಅಂಟಿಕೊಂಡಿತ್ತು. ಅದನ್ನು ಕಂಡಾಗೆಲ್ಲ ಗುರವ್ವ ತಲೆ ತಗ್ಗಿಸಿ ಇನ್ನಷ್ಟು ಜೋರಾಗಿ ಕುಟ್ಟಿದಳು. ದಾನಪ್ಪ ಬರಿದಾದ ಚಿಪ್ಪುಗಳನ್ನು ದೀಪದ ಕೆಳಗೆ ಹಿಡಿದು, ಆಪರೇಷನ್ನಿಗೆ ಹಾಕಿಕೊಳ್ಳುತ್ತಿದ್ದ ಭೂತಗನ್ನಡಿಯ ಕನ್ನಡಕ ಏರಿಸಿ, ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಅವನ ಕೈ ನಿಂತಿತು.

"ಗುರವ್ವ, ಇಲ್ಲಿ ಬಾ."

ಇನ್ನೇನು ಹಾಳು ಮಾಡಿದೆನೋ ಎಂದು ಅವಳು ಅಂಜುತ್ತಲೇ ಹೋದಳು. ದಾನಪ್ಪ ಕನ್ನಡಕ ತೆಗೆದು ಅವಳ ಮೂಗಿಗೆ ಏರಿಸಿದ. ಹೊಳೆಯುವ ಚಿಪ್ಪಿನ ಕುತ್ತಿಗೆಯಲ್ಲಿ, ಗುಂಡು ಕೂರುವ ಜಾಗದಲ್ಲೇ, ಕೂದಲೆಳೆಯಂಥ ಒಂದು ಕಪ್ಪು ಗೆರೆ.

"ಇದು ನಾ ಮಾಡಿದ್ದಲ್ರಿ," ಎಂದಳು ಗಾಬರಿಯಿಂದ.

"ನೀ ಮಾಡಿದ್ದಲ್ಲ. ಇದು ಮದ್ಲಿಂದನೂ ಐತಿ. ಕಪ್ಪಿನ ಕೆಳಗ ಅಡಗಿತ್ತು." ಅವನು ಇನ್ನೊಂದು ಎತ್ತಿದ. ಅದರಲ್ಲೂ ಗೆರೆ. ಮುಂದಿನದು ಗಟ್ಟಿಯಿತ್ತು. ಅದರ ಮುಂದಿನದರಲ್ಲಿ ಗೆರೆ. "ಹೇರ್‌ಲೈನ್ ಫ್ರ್ಯಾಕ್ಚರ್!" ಎಂದು ಕೂಗಿದ, ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಿಡಿದು ಕೂಗುತ್ತಿದ್ದ ಅದೇ ದನಿಯಲ್ಲಿ. "ಜನ್ಮಾ ಪೂರ್ತಿ ಮಂದಿ ಎಲುಬಿನ್ಯಾಗ ಇದನ್ನ ಹುಡಿಕಿದಾಂವ, ನನ್ನ ಮೇಜಿನ ಮ್ಯಾಲ ಬಿದ್ದಿದ್ದು ಕಾಣಲಿಲ್ಲ ನೋಡು! ಕುತಿಗಿ ಒಡದ ಚಿಪ್ಪು ಗುಂಡನ್ನ ಗಟ್ಟಿ ಹಿಡಿಯೂದಿಲ್ಲ. ಸಡ್ಲ ಆಗಿ ಎತ್ತಾಗ ಬೇಕಾದತ್ತಾಗ ಹೊಕ್ಕೈತಿ."

ಎಲ್ಲ ಬಿಚ್ಚಿ ಎರಡು ಗುಂಪು ಮಾಡಿದರೆ ಒಡೆದದ್ದೂ ಅರ್ಧ, ಗಟ್ಟಿಯದೂ ಅರ್ಧ. ದಾನಪ್ಪ ಆ ಎರಡು ಗುಂಪುಗಳನ್ನೇ ನೋಡುತ್ತ ಕೂತ. ಗಂಟೆಗೆ ತಾಗುತ್ತಿದ್ದದ್ದೂ ಅರ್ಧ, ತಪ್ಪುತ್ತಿದ್ದದ್ದೂ ಅರ್ಧ. ಗುರವ್ವ ಅವನ ಬಲಗೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸುವ ಗೋಜಿಗೂ ಹೋಗಲಿಲ್ಲ. ಅಷ್ಟು ಸಂತೋಷವಾಗಿತ್ತು ಅವಳಿಗೆ.

"ವರ್ಷ ಪೂರ್ತಿ ಈ ಬಡಪಾಯಿ ಕೈಗೆ ಬೈದ್ರಿ. ಅದೇನ್ ಮಾಡಿತ್ರಿ ಪಾಪ?"

"ನಾಳಿ ಗೊತ್ತಾಕ್ಕೈತಿ," ಎಂದ ದಾನಪ್ಪ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಗಟ್ಟಿ ಚಿಪ್ಪುಗಳನ್ನು ಒಲೆಯ ಬಿಸಿಗೆ ಹಿಡಿಯದೆ ನೆರಳಲ್ಲೇ ಚೆನ್ನಾಗಿ ಆರಿಸಿ, ಹೊಸ ಕಿಡಿಬಟ್ಟಲು ಹಾಕಿ, ಹೊಸ ಮದ್ದು ತೂಗಿ, ಶನಿವಾರ ಬೆಳಗ್ಗೆ ಇಬ್ಬರೂ ಸೇರಿ ತುಂಬಿದರು. ಹೊತ್ತಿಗೆ ಸರಿಯಾಗಿ ಒಂದು ಹಿಡಿಯಷ್ಟು ತೋಟಾ ಸಿದ್ಧವಾದವು.

ಕೂಟ ನಡೆಯುವುದು ಹಾಲಿಸ್‌ನ ಗೆಳೆಯನೊಬ್ಬನ ಹುಲ್ಲುಗಾವಲಿನಲ್ಲಿ. ಸುತ್ತ ಮೆಸ್ಕೀಟ್ ಮರಗಳು, ಮುಳ್ಳು ಮುಳ್ಳು, ಸಣ್ಣ ಎಲೆ. ದೂರದಲ್ಲಿ ಮಣ್ಣಿನ ದಿಬ್ಬದ ಮುಂದೆ ಸರಪಳಿಗೆ ತೂಗುಬಿಟ್ಟ ಕಬ್ಬಿಣದ ತಟ್ಟೆ, ಅದೇ ಗಂಟೆ. ಹಾಲಿಸ್ ಹೋಟೆಲಿನ ಗೋಡೆಗೆ ಎರಡು ಕೊಕ್ಕೆ ಹೊಡೆದು, ಮೇಲೊಂದು ಪುಟ್ಟ ದೀಪವನ್ನೂ ಹಾಕಿಸಿ ಬಂದಿದ್ದ. ಅದನ್ನು ಸ್ವತಃ ಅವನೇ ಎಲ್ಲರಿಗೂ ಹೇಳುತ್ತಿದ್ದ. ದಾನಪ್ಪ ಡಬ್ಬಿ ತೆರೆದಾಗ ಮಾತ್ರ ಅವನ ಮೀಸೆ ಇಳಿಯಿತು.

"ಡಾಕ್! ನೂರು ವರ್ಷದ ಬಣ್ಣ! ಯಾರು ಉಜ್ಜಿದ್ದು ಇದನ್ನು?"

"ನಾನು," ಎಂದಳು ಗುರವ್ವ, ತನ್ನ ಕ್ಲಿನಿಕ್ಕಿನ ಇಂಗ್ಲಿಷಿನಲ್ಲಿ. "ನಮ್ಮ ದೇವರ ಮುಂದೆ ಕೊಳಕು ಹಿತ್ತಾಳೆ ಇಡುವುದಿಲ್ಲ." ಹಾಲಿಸ್ ಟೋಪಿ ತೆಗೆದು ಎದೆಗಿಟ್ಟುಕೊಂಡ, ಸಾವಿನ ಮನೆಯಲ್ಲಿ ನಿಂತವನ ಹಾಗೆ.

ದಾನಪ್ಪ ಕೂತು ನಳಿಗೆಯನ್ನು ಮರಳಿನ ಚೀಲಕ್ಕೆ ಊರಿದ. ಎಲ್ಲರೂ ಕಿವಿ ಮುಚ್ಚಿಕೊಂಡರು. ಮೊದಲ ಗುಂಡು ಹಾರಿತು. ದಿಬ್ಬದಲ್ಲಿ ಮಣ್ಣು ಎದ್ದಿತು, ಗಂಟೆ ಸುಮ್ಮನಿತ್ತು. ದಾನಪ್ಪ ರೈಫಲ್ ಕೆಳಗಿಟ್ಟು ಬಲಗೈ ನೋಡಿಕೊಂಡ. ಬೆರಳು ನಡುಗುತ್ತಿತ್ತು. ಹಿಂದೆ ನಿಂತಿದ್ದ ಗುರವ್ವನಿಗೆ ಸೋಫಾದ ತಗ್ಗು ಕಣ್ಣಿಗೆ ಕಟ್ಟಿತು.

"ಕೈ ಏನ್ ನೋಡತೀರಿ?" ಎಂದು ಅವಳು ಹುಲ್ಲುಗಾವಲೆಲ್ಲ ಕೇಳುವಂತೆ ಕೂಗಿದಳು. "ಗಂಟಿ ನೋಡ್ರಿ!"

ಯಾರಿಗೂ ಅರ್ಥವಾಗಲಿಲ್ಲ, ಅರ್ಥವಾಗಬೇಕಾದವನಿಗೆ ಆಯಿತು. ದಾನಪ್ಪ ಮತ್ತೆ ಕೆನ್ನೆ ಊರಿದ. ಈ ಸಲ ಸಿಡಿದ ಸದ್ದಿನ ಹಿಂದೆಯೇ ದೂರದಿಂದ ಠಣ್ ಎಂದು ಬಂತು. ಗುರವ್ವ ಕಿವಿಯ ಮೇಲಿನ ಮುಚ್ಚಳ ಕಿತ್ತೆಸೆಯಲು ಹೋಗಿ, ನಿಯಮ ನೆನಪಾಗಿ ಮತ್ತೆ ಹಾಕಿಕೊಂಡಳು. ಇನ್ನೊಂದು, ಠಣ್. ದಾನಪ್ಪ ಅವಸರ ಮಾಡಲಿಲ್ಲ. ಮಿನುಗುವ ತೋಟಾವೊಂದನ್ನು ಒಳಗೆ ತಳ್ಳಿ, ಗಾಳಿ ನಿಲ್ಲಲಿ ಎಂದು ಕಾದು, ಬಂದೂಕಿನ ಕುದುರೆ ಎಳೆದ. ಮೂರನೆಯ ಠಣ್ ಬಂದಾಗ ಗುರವ್ವ ಪಕ್ಕದಲ್ಲಿದ್ದ ಅಪರಿಚಿತ ಟೆಕ್ಸಾಸಿನ ಹೆಂಗಸನ್ನು ಅಪ್ಪಿಕೊಂಡು ಕುಣಿದೇಬಿಟ್ಟಳು. ಆ ಹೆಂಗಸೂ ಕುಣಿದಳು, ಯಾಕೆಂದು ಗೊತ್ತಿಲ್ಲದೆ.

ಐದನೆಯ ತೋಟಾ ಉಳಿದಿತ್ತು. ದಾನಪ್ಪ ರೈಫಲ್ ತೆರೆದಿಟ್ಟು ಎದ್ದು ನಿಂತು, "ಇದು ನಿನ್ನದು ಹಾಲಿಸ್. ಸತ್ತಿದೆಯೋ ಬದುಕಿದೆಯೋ ನೀನೇ ನೋಡು," ಎಂದ. ಹಾಲಿಸ್ ಹೊಡೆದ. ದಿಬ್ಬದಲ್ಲಿ ಮಣ್ಣು ಎದ್ದಿತು. ಗಾಳಿಯನ್ನು ಬೈದ, ಕನ್ನಡಕವನ್ನು ಬೈದ, ಕೊನೆಗೆ ತಾನೇ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಗುರವ್ವನ ಹತ್ತಿರ ಬಂದು, ಹಿತ್ತಾಳೆ ತೊಳೆದದ್ದು ಯಾವುದರಲ್ಲಿ, ಅದು ಎಲ್ಲಿ ಸಿಗುತ್ತದೆ ಎಂದು ಪಿಸುಮಾತಿನಲ್ಲಿ ಕೇಳಿದ, ಕ್ಲಬ್ಬಿನವರಿಗೆ ಕೇಳಿಸಬಾರದಲ್ಲ!

ದಶಮಿಯ ದಿನ ಬನ್ನಿ ಕೊಡದಿದ್ದರೆ ಆಗುತ್ತದೆಯೇ? ಟೆಕ್ಸಾಸಿನಲ್ಲಿ ಬನ್ನಿಗಿಡ ಇಲ್ಲ, ಆದರೆ ಮೆಸ್ಕೀಟ್ ಅದಕ್ಕೆ ಹತ್ತಿರದ ನೆಂಟ; ಎಲೆ ಕೂಡ ಒಂದೇ ಥರ. ಗುರವ್ವ ಒಂದು ಟೊಂಗೆ ಮುರಿದು ಹಾಲಿಸ್‌ನ ಕೈಗೆ ಎಲೆ ಇಟ್ಟಳು. ಆಮೇಲೆ ಗಂಡನ ಕೈಗೆ ಇಟ್ಟು, ಬಗ್ಗಿ ಕಾಲು ಮುಟ್ಟಿ ಎದ್ದಳು.

"ಬನ್ನಿ ತೊಗೊಂಡು ಬಂಗಾರದಾಂಗ ಇರೂಣ್ರಿ."

"ಬಂಗಾರದಾಂಗ ಯಾಕ? ತೊಳದ ಹಿತ್ತಾಳಿ ಹಾಂಗ ಇದ್ರ ಸಾಕು," ಎಂದ ದಾನಪ್ಪ.

ಮರದ ನೆರಳಲ್ಲಿ ಕೂತು ಗುರವ್ವ ಥರ್ಮಾಸಿನಿಂದ ಚಹಾ ಬಗ್ಗಿಸಿದಳು. ಮನೆಯಿಂದಲೇ ಕಪ್ಪನ್ನೂ ಅದರಡಿಯ ಬಸಿಯನ್ನೂ ತಂದಿದ್ದಳು. ರೂಢಿಯಂತೆ ಅರ್ಧಕ್ಕೆ ಕೈ ನಿಲ್ಲಿಸಿದಳು. ಕ್ಲಬ್ಬಿನ ಮಂದಿಯೆಲ್ಲ ಸುತ್ತ ನಿಂತು ದಾನಪ್ಪನ ಮಾತು ಕೇಳುತ್ತಿದ್ದರು. ಅವನು ಮಾತು ನಿಲ್ಲಿಸಿ ಕಪ್ಪು ನೋಡಿದ, ಹೆಂಡತಿಯ ಮುಖ ನೋಡಿದ.

"ಪೂರ್ತಿ ಹಾಕು," ಎಂದ.

ಅವಳು ಅಂಚಿನ ತನಕ ತುಂಬಿದಳು. ದಾನಪ್ಪ ಅದನ್ನು ಬಲಗೈಯಲ್ಲೇ ಎತ್ತಿಕೊಂಡ. ಕೈ ನಡುಗಿತು, ಬಸಿಯೊಳಗೆ ಸಾಕಷ್ಟು ಚಹಾ ಚೆಲ್ಲಿತು. ಅವನು ಮೊದಲು ಬಸಿಯಲ್ಲಿದ್ದುದನ್ನು ಸೊರ್ರೆಂದು ಹೀರಿ, ಆಮೇಲೆ ಕಪ್ಪಿನದನ್ನು ಕುಡಿದ.